ಅಬ್ಬಿಯ ಎದೆಯ ಮೇಲಿನ ಪಟ್ಟಿ

ಅಬ್ಬಿಗೆ, ಅಂದರೆ ನನ್ನ ಅಮ್ಮನಿಗೆ, ಕೆಮ್ಮು ಶುರುವಾದಾಗ ನಾವ್ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಅವಳೂ ಅವಳ ತಂಗಿ, ನನ್ನ ಚಿಕ್ಕಿಯೂ ತಲ್ಲೂರಿನ ಹತ್ತಿರ ಗೇರುಬೀಜದ ಫ್ಯಾಕ್ಟರಿಗೆ ಹೋಗುವವರು. ಬೀಜ ಹುರಿಯುವ ಹೊಗೆಗೆ ಅಲ್ಲಿ ಕೆಮ್ಮದವರು ಯಾರಿದ್ದಾರೆ? "ಹೊಗಿ ಮಾರಾಯ್ತಿ, ಎಂತ ಆತಿಲ್ಲೆ" ಎನ್ನುತ್ತಿದ್ದಳು ಅಬ್ಬಿ. ಹೊಗೆಯ ಕೆಮ್ಮಿಗೆ ನಮ್ಮಲ್ಲಿ ಕಷಾಯವೇ ಮದ್ದು. ಕುಡಿದು ಮತ್ತೆ ಅದೇ ಹೊಗೆಗೆ ಹೋಗುತ್ತಾರೆ. ಅಬ್ಬಿಯೂ ಹೋದಳು. ಮೈ ಇಳಿಯಿತು. ಆದರೂ ನನ್ನ ಮಗಳನ್ನು ತಬ್ಬಿಕೊಂಡೇ ಮಲಗುತ್ತಿದ್ದಳು.

ಒಂದು ಬೆಳಿಗ್ಗೆ ಅಬ್ಬಿಗೆ ಉಸಿರು ಸಿಗಲಿಲ್ಲ. ಕುಂದಾಪುರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ಪರೀಕ್ಷೆಗೆ ಕಫ ಕೊಡುವಷ್ಟೂ ತ್ರಾಣವಿರಲಿಲ್ಲ.

ಮಧ್ಯಾಹ್ನ ಹೋಗಿಬಿಟ್ಟಳು.

ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದರು. "ನ್ಯುಮೋನಿಯಾ ಅಂತ ಬರೆಯಬಹುದು. ಆದರೆ ಯಾವುದರಿಂದ ಅಂತ ಗೊತ್ತಿಲ್ಲ. ನೀವು ಒಪ್ಪಿದರೆ ಸೂಜಿಯಲ್ಲಿ ಶ್ವಾಸಕೋಶದಿಂದ ಒಂಚೂರು ತೆಗೆದು ಲ್ಯಾಬಿಗೆ ಕಳಿಸ್ತೇವೆ. ಕೊಯ್ಯುವುದಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಸತ್ತ ಮೇಲೆ ಎಂಥ ಪರೀಕ್ಷೆ! ಬದುಕಿದ್ದಾಗ ಚುಚ್ಚಿದ್ದು ಸಾಲದೇ? ಅಷ್ಟರಲ್ಲಿ ಅವರು ಕೇಳಿದರು, "ಮನೆಯಲ್ಲಿ ಬೇರೆ ಯಾರಾದರೂ ಕೆಮ್ಮುತ್ತಾರಾ?"

ಮಗಳು ಕೆಮ್ಮುತ್ತಿದ್ದಳು.

ಅವಳು ಫ್ಯಾಕ್ಟರಿಯ ಹೊಗೆ ಕಂಡವಳೇ ಅಲ್ಲ. ಆಯ್ತು ಎಂದೆ.

ಮನೆಯಲ್ಲಿ ಅಬ್ಬಿಗೆ ಕಡೆಯ ಸ್ನಾನ ಮಾಡಿಸುವಾಗ ಚಿಕ್ಕಿ ಎದೆಯ ಮೇಲಿನ ಬಿಳಿ ಪಟ್ಟಿ ಕಂಡಳು.

"ಇದೆಂತ ಹೆಣೆ? ಅಕ್ಕನ್ನ ಕೊಯ್ಸಿದ್ಯಾ?" ಎಂದು ನನ್ನತ್ತ ತಿರುಗಿದಳು.

"ಇಲ್ಲೆ ಚಿಕ್ಕಿ, ಸೂಜಿ ಅಷ್ಟೇ. ಎಂತದ್ರಿಂದ ಹೋದ್ಲು ಅಂತ ಗೊತ್ತಾಯ್ಕಲ್ದಾ?"

ಚೊಂಬನ್ನು ನನ್ನ ಕೈಗೆ ತುರುಕಿ ಅವಳು ಹೊರಗೆ ಹೋದಳು. ಉಳಿದ ನೀರನ್ನು ನಾನೇ ಹುಯ್ದೆ. ಪಟ್ಟಿ ಒದ್ದೆಯಾಗಿ ಕಿತ್ತು ಬಂತು. ಕೆಳಗೆ ಸಾಸಿವೆಯಷ್ಟು ಕಲೆ. ಕಣ್ಣು ಮುಚ್ಚಿದರೆ ಈಗಲೂ ಅದೇ ಕಾಣುತ್ತದೆ.

ಉತ್ತರಕ್ರಿಯೆಯ ಬೊಜ್ಜ ಮುಗಿದ ಮೇಲೆ ಆಸ್ಪತ್ರೆಯಿಂದ ಫೋನ್ ಬಂತು.

ಟಿಬಿ.

ಇಷ್ಟು ದಿನ ಹೊಗೆಯನ್ನು ಬೈದದ್ದೇ ಬಂತು. ಮಾತ್ರೆಯಲ್ಲಿ ಗುಣವಾಗುವ ಕಾಯಿಲೆಗೆ ಅಬ್ಬಿಯನ್ನು ಕೊಟ್ಟೆವಲ್ಲ! ಮಗಳನ್ನು ಪರೀಕ್ಷಿಸಿದರು, ಅವಳಿಗೂ ಇತ್ತು. ಮಾತ್ರೆ ಶುರುವಾಗಿದೆ. ನಿಧಾನಕ್ಕೆ ಮೈ ಹಿಡಿಯುತ್ತಿದೆ. ಡಾಕ್ಟರಮ್ಮನಿಗೆ ಪುಣ್ಯ ಬರಲಿ. ಚಿಕ್ಕಿಗೂ ಪರೀಕ್ಷೆ ಮಾಡಿಸಿಕೋ ಎಂದು ಹೇಳಿಕಳಿಸಿದ್ದೆ. ಅವಳು ನಮ್ಮ ಅಂಗಳಕ್ಕೂ ಬರಲಿಲ್ಲ.

ನಿನ್ನೆ ಬಾಗಿಲ ಹೊರಗೆ ಕೆಮ್ಮು ಕೇಳಿತು. ಅಬ್ಬಿಯದೇ ಕೆಮ್ಮು! ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಮಗಳು "ಅಮ್ಮಮ್ಮ!" ಎಂದು ಎದ್ದು ಓಡಿದಳು.

ಚಿಕ್ಕಿ ನಿಂತಿದ್ದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡು. ಹತ್ತಿರ ಬಂದ ಮಗಳನ್ನು ಕೈಯೆತ್ತಿ ದೂರವೇ ನಿಲ್ಲಿಸಿದಳು.

"ಹೆಣೆ, ಆ ಡಾಕ್ಟ್ರಮ್ಮನ ಹತ್ರ ನನ್ನೂ ಕರ್ಕಂಡ್ ಹೋತ್ಯಾ?"

ಒಲೆ ಆರಿಸಿ ಚಪ್ಪಲಿ ಮೆಟ್ಟಿಕೊಂಡೆ.