ಎದುರುಮನೆ ಅಕ್ಕ ಒಯ್ದ ಕ್ಯಾಸೆಟ್

ಹಳೆಯ ವಿಸಿಆರ್ ಬಿಸಿಯಾದಾಗ ಒಂದು ವಾಸನೆ ಬರುತ್ತದೆ. ಕಾದ ಧೂಳು, ಮುಗ್ಗಲು ಹಿಡಿದ ಪ್ಲಾಸ್ಟಿಕ್ಕು, ನಮ್ಮ ಮನೆಯಲ್ಲಾದರೆ ಸ್ವಲ್ಪ ನುಸಿಗುಳಿಗೆ ಕೂಡ, ಏಕೆಂದರೆ ಕ್ಯಾಸೆಟ್ಟುಗಳೆಲ್ಲ ಇಷ್ಟು ವರ್ಷ ರೇಷ್ಮೆ ಸೀರೆಗಳ ಅಡಿಯಲ್ಲಿದ್ದವು. ಕಳೆದ ತಿಂಗಳು ವೆಸ್ಟ್‌ಲ್ಯಾಂಡ್ಸ್‌ನ ರಿಪೇರಿ ಅಂಗಡಿಯಿಂದ ಒಂದು ವಿಸಿಆರ್ ತಂದು, ಕಂಪ್ಯೂಟರಿಗೆ ಜೋಡಿಸಿಕೊಂಡು, ಅವನ್ನು ಡಿಸ್ಕಿಗೆ ಇಳಿಸಲು ಕೂತೆ. ಆ ವಾಸನೆ ಬಂದದ್ದೇ ತಡ, ಎದುರುಮನೆ ಅಕ್ಕ ನೆನಪಾದರು. ಪ್ರೀತಿಯಿಂದಲೇ ನೆನಪಾದರು. ಆ ಪ್ರೀತಿ ಅರ್ಧ ಗಂಟೆ ಉಳಿಯಿತು.

ನಾನು ಮದುವೆಯಾಗಿ ಈ ಪರದೇಶಕ್ಕೆ, ಪಾರ್ಕ್‌ಲ್ಯಾಂಡ್ಸ್‌ನ ಫ್ಲ್ಯಾಟಿಗೆ ಬಂದಾಗ ಎದುರು ಬಾಗಿಲು ಅವರದು. ನಮ್ಮವರು ಔಷಧಿ ಕಾರ್ಖಾನೆಗೆ ಹೊರಟರೆ ಸಂಜೆಯವರೆಗೆ ನನಗೆ ಅವರೇ ಗತಿ. ಇಲ್ಲಿಯ ಮಿನಿಬಸ್ಸು ಮಟಾಟು ಹತ್ತುವುದು, ತರಕಾರಿಯವಳ ಹತ್ತಿರ ಸ್ವಾಹಿಲಿಯಲ್ಲಿ ಚೌಕಾಸಿ ಮಾಡುವುದು, ಎರಡನ್ನೂ ಅವರೇ ಕಲಿಸಿದ್ದು. ಹೆಗಲ ಮೇಲೆ ಹೊತ್ತುಕೊಳ್ಳುವ ದೊಡ್ಡ ವಿಡಿಯೊ ಕ್ಯಾಮೆರಾ ಕನ್ನಡದವರ ಪೈಕಿ ಅವರೊಬ್ಬರಲ್ಲೇ ಇತ್ತು. ಒಂದೇ ಒಂದು ಗುಣ... ಕಂಡದ್ದನ್ನೆಲ್ಲ ಕೇಳಿ ಒಯ್ಯುತ್ತಿದ್ದರು, ಮಿಕ್ಸಿಯ ಜಾರಿನಿಂದ ಹಿಡಿದು ಚಕ್ಕುಲಿ ಒರಳಿನವರೆಗೆ. ಆದರೆ ಖಾಲಿ ಪಾತ್ರೆ ಹಿಂದಿರುಗಿಸಿದವರಲ್ಲ. ನಮ್ಮ ಕಡೆಯ ಪದ್ಧತಿಯಂತೆ ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡುತ್ತಿದ್ದರು.

ಮಗ ಹುಟ್ಟಿದಾಗ ಅಮ್ಮ ಮೈಸೂರಿನಿಂದ ಬಾಣಂತನಕ್ಕೆ ಬಂದಿದ್ದಳು. ಅದೇ ಮೊದಲು, ಅದೇ ಕೊನೆ. ನಾಮಕರಣದ ದಿನ ತೊಟ್ಟಿಲು ತೂಗುತ್ತ ಜೋಗುಳ ಹಾಡಿದಳು. ಅಕ್ಕನ ಕ್ಯಾಮೆರಾ ಇಸಿದುಕೊಂಡು ನಮ್ಮವರು ಅದನ್ನು ತೆಗೆದರು. ಅಮ್ಮನ ದನಿ ಇದ್ದದ್ದು ಅದೊಂದು ಕ್ಯಾಸೆಟ್ಟಿನಲ್ಲೇ... ಕ್ಯಾಸೆಟ್ಟಿನ ಬೆನ್ನಿಗೆ ಒಂದು ಪುಟ್ಟ ಪ್ಲಾಸ್ಟಿಕ್ ತುಂಡಿರುತ್ತದೆ. ಅದನ್ನು ಮುರಿದುಬಿಟ್ಟರೆ ಅದರ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ. ನಮ್ಮವರು ನನ್ನ ಕಣ್ಣೆದುರಿಗೇ ಅದನ್ನು ಮುರಿದಿದ್ದರು.

ಅಮ್ಮ ಊರಿಗೆ ಹೋದ ಮೇಲೆ ಅಕ್ಕ ಬಂದರು. "ನಮ್ಮತ್ತೆ ಬಂದಿದಾರೆ ಕಣೆ, ನಾಮಕರಣ ನೋಡ್ಬೇಕಂತೆ. ಎರಡೇ ದಿನ, ಕೊಟ್ಬಿಡ್ತೀನಿ." ಕೊಟ್ಟೆ. ವಾರದ ಮೇಲೆ ವಾಪಸ್ ಬಂತು, ಜೊತೆಗೆ ಒಂದು ಡಬ್ಬಿ ತುಂಬ ಕೊಬ್ಬರಿ ಮಿಠಾಯಿ. ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಇಷ್ಟೊಂದು ಯಾಕೆಂದು ಕೇಳಲಿಲ್ಲ. ತಿಂದೆ. ಆ ವರ್ಷವೇ ಅಮ್ಮ ಹೋಗಿಬಿಟ್ಟಳು. ಕ್ಯಾಸೆಟ್ ಹಾಕಿ ನೋಡುವ ಧೈರ್ಯ ಬರಲೇ ಇಲ್ಲ, ಆಮೇಲೆ ವಿಸಿಆರೂ ಕೆಟ್ಟಿತು...

ಈಗ ಕಂಪ್ಯೂಟರಿನ ಪರದೆಯ ಮೇಲೆ ತೊಟ್ಟಿಲು ಬಂತು. ಹಸಿರು ಸೀರೆಯಲ್ಲಿ ಅಮ್ಮ ಬಂದಳು. ಬಗ್ಗಿ, ಸೆರಗು ಸರಿಮಾಡಿಕೊಂಡು, ಹಾಡಲು ಬಾಯಿ ತೆರೆದಳು. ಪರದೆ ತುಂಬ ಚುಕ್ಕೆ. ಚುಕ್ಕೆ ಸರಿದಾಗ ಅಲ್ಲಿದ್ದವರು ಎದುರುಮನೆ ಅಕ್ಕ. ಅವರ ಮಗಳ ಐದನೇ ಹುಟ್ಟುಹಬ್ಬ. ಕೇಕಿನ ಮುಂದೆ ಕೂತ ಮಗಳನ್ನು "ಚಿನ್ನಾರಿ, ಇಲ್ಲಿ ನೋಡೆ" ಎಂದು ಕರೆಯುತ್ತ, ಬಲೂನು ಊದುತ್ತ, ಕ್ಯಾಸೆಟ್ ಮುಗಿಯುವವರೆಗೂ ಅವರೇ. ಅತ್ತೆಗೆ ಬೇಕಾದಷ್ಟು ತೋರಿಸಿ, ನಿಲ್ಲಿಸಿದಲ್ಲಿಂದಲೇ ಶುರು ಮಾಡಿದ್ದರು.

ಕೈತಪ್ಪಿ ಆದದ್ದಿರಬಹುದೆಂದು ಕ್ಯಾಸೆಟ್ ಹೊರತೆಗೆದು ತಿರುಗಿಸಿದೆ. ಮುರಿದ ಜಾಗದ ತೂತಿನ ಮೇಲೆ ಗಮ್ ಟೇಪ್ ಅಂಟಿಸಿತ್ತು, ಕತ್ತರಿಯಲ್ಲಿ ಅಂದವಾಗಿ ಕತ್ತರಿಸಿ. ತೂತು ಮುಚ್ಚಿದರೆ ಮತ್ತೆ ರೆಕಾರ್ಡ್ ಆಗುತ್ತದೆ. ಗೊತ್ತಿದ್ದೇ ಮಾಡಿದ್ದರು. ಖಾಲಿ ಕ್ಯಾಸೆಟ್ಟಿಗಾಗಿ ಅಂಗಡಿಗೆ ಹೋಗಲಾರದೆ ನನ್ನ ಅಮ್ಮನನ್ನು ಅಳಿಸಿದ್ದರು.

ಮೈಯೆಲ್ಲ ಉರಿದುಹೋಯಿತು. ಬದುಕಿದ್ದರೆ ನಾಲ್ಕು ಜನರ ಮುಂದೆ ನಿಲ್ಲಿಸಿ ಕೇಳುತ್ತಿದ್ದೆ. ಆದರೆ ಮಗಳಿಗೆ ಹನ್ನೊಂದು ತುಂಬುವಷ್ಟರಲ್ಲೇ ಅಕ್ಕ ತೀರಿಕೊಂಡಿದ್ದರು. ಅಂದು ಬಿಕ್ಕಿ ಬಿಕ್ಕಿ ಅತ್ತವಳು ನಾನು. ಆಮೇಲೆ ಆ ಹುಡುಗಿಗೆ ದಿನಾ ಜಡೆ ಹೆಣೆದು ಶಾಲೆಗೆ ಕಳಿಸಿದವಳೂ ನಾನೇ. ಅತ್ತದ್ದೆಲ್ಲ ದಂಡ ಎನಿಸಿತು.

ಆ ಮಗಳು ಈಗ ಇದೇ ಊರಿನ ಕಸರಾನಿಯಲ್ಲಿದ್ದಾಳೆ. ನಾನು ಕ್ಯಾಸೆಟ್ ಇಳಿಸುತ್ತಿರುವ ಸುದ್ದಿ ಯಾರಿಂದಲೋ ತಿಳಿದು ಮೊನ್ನೆ ಫೋನ್ ಮಾಡಿದಳು.

"ಆಂಟಿ, ನಿಮ್ಮ ಟೇಪ್ಸಲ್ಲಿ ಅಮ್ಮ ಎಲ್ಲಾದ್ರೂ ಇದಾರಾ? ನಮ್ಮದೆಲ್ಲ ಮನೆ ಶಿಫ್ಟ್ ಮಾಡುವಾಗ ಹೋಯ್ತು. ಐ ಡೋಂಟ್ ಹ್ಯಾವ್ ಎನಿಥಿಂಗ್."

"ಇದಾರೆ, ಬಾ" ಎಂದೆ.

ಅವಳು ಬರುವ ಮೊದಲೇ ಮಾಡಬೇಕಾದ್ದನ್ನು ಮಾಡಿ ಮುಗಿಸಿದೆ. ಕಂಪ್ಯೂಟರಿನಲ್ಲಿ ಚಿತ್ರಕ್ಕೊಂದು ಪಟ್ಟಿ, ಶಬ್ದಕ್ಕೊಂದು ಪಟ್ಟಿ, ಬೇರೆ ಬೇರೆ ಕಾಣಿಸುತ್ತವೆ. ಶಬ್ದದ ಪಟ್ಟಿಯನ್ನು ಆರಿಸಿ ಡಿಲೀಟ್ ಒತ್ತಿದೆ. ಬರೀ ಚಿತ್ರವನ್ನು ಡಿಸ್ಕಿಗೆ ಇಳಿಸಿದೆ. ಅಕ್ಕ ನನಗೆ ಉಳಿಸಿದಷ್ಟೇ ಅವರ ಮಗಳಿಗೂ ಇರಲಿ ಎಂದುಕೊಂಡೆ, ಬಾಯಿ ತೆರೆದ ತಾಯಿ, ಅಷ್ಟೇ.

ಅವಳು ಬಂದು ಊಟದ ಮೇಜಿನ ಬಳಿ ಕೂತು ನೋಡಿದಳು. ಎರಡು ಸಲ ವಾಲ್ಯೂಮ್ ಏರಿಸಿದಳು.

"ಸೌಂಡ್ ಇಲ್ವಾ ಆಂಟಿ?"

"ಹಳೇ ಟೇಪು. ಹೋಗಿದೆ."

ಪರದೆಗೆ ಮುಖ ಹತ್ತಿರ ತಂದು ಅಕ್ಕನ ತುಟಿಗಳನ್ನೇ ನೋಡಿದಳು. "ನನ್ನ ಏನೋ ಅಂತ ಕರೀತಿದಾರೆ. ಏನಂತ ಕರೀತಿದ್ರು ಆಂಟಿ? ಅಮ್ಮನ ವಾಯ್ಸೇ ಮರ್ತೋಗಿದೆ ನಂಗೆ."

"ನಂಗೂ ಅಷ್ಟೇ ಕಣೇ" ಎಂದೆ.

ನಾನು ಯಾರ ಅಮ್ಮನ ಮಾತು ಆಡಿದೆನೆಂದು ಅವಳಿಗೆ ಗೊತ್ತಾಗಲಿಲ್ಲ. ಎದ್ದು ಬಂದು ನನ್ನನ್ನು ಅಪ್ಪಿಕೊಂಡಳು. ಬಹಳ ಹೊತ್ತು ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ.

ಅಕ್ಕನ ದನಿ ಇರುವ ಕ್ಯಾಸೆಟ್ ಈಗ ನನ್ನ ಬೀರುವಿನಲ್ಲಿದೆ. ಬೀಗ ಹಾಕಿದ್ದೇನೆ. ಕೊಡುವ ಮನಸ್ಸು ಇನ್ನೂ ಬಂದಿಲ್ಲ, ಮಾಡಿದ್ದಕ್ಕೆ ಪಶ್ಚಾತ್ತಾಪವೂ ಇಲ್ಲ. ಆದರೆ ಆ ದಿನ ಅಮ್ಮ ಯಾವ ಜೋಗುಳ ಹಾಡಿದಳೆಂದು ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.