ಬೆಂಕಿ ರೋಗದ ನಡುವೆ ಒಂದು ಹಸಿರು ಸಾಲು

ಕಾಲುವೆ ನೀರು ಬಂದ ಮೇಲೆ ಕೆಂಭಾವಿ ಕಡೆಯ ನಮ್ಮ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಅದರ ಬೆನ್ನಿಗೇ ಭತ್ತಕ್ಕೆ ಬೆಂಕಿ ರೋಗವೂ ಬಂತು. ಮೊದಲು ಎಲೆಯ ಮೇಲೆ ಕಣ್ಣಿನಾಕಾರದ ಚುಕ್ಕೆ, ಆಮೇಲೆ ತೆನೆಯ ಕುತ್ತಿಗೆ ಕಪ್ಪಾಗಿ ಕಾಳೆಲ್ಲ ಜೊಳ್ಳು. ದೊಡ್ಡವ್ವನ ಗದ್ದೆ ಒಂದು ವರ್ಷ ಪೂರ್ತಿ ಸುಟ್ಟಂತಾಗಿತ್ತು. ಆಗಷ್ಟೇ ನಾನು ಕೃಷಿ ಓದು ಮುಗಿಸಿ ಶಹಾಪುರದ ಹತ್ತಿರ ಭತ್ತದ ತಳಿ ಬೆಳೆಸುವ ಕೇಂದ್ರವೊಂದಕ್ಕೆ ಸೇರಿದ್ದೆ.

ಆ ರೋಗ ತಟ್ಟದ ಕೆಂಪು ನಾಟಿ ಭತ್ತವೊಂದು ನಮ್ಮ ಕೇಂದ್ರದಲ್ಲಿತ್ತು. ಅಕ್ಕಿ ಮಾತ್ರ ದಪ್ಪ. ಅದನ್ನು ಎಲ್ಲರೂ ಬೆಳೆಯುವ ಸಣ್ಣಕ್ಕಿಯ ತಳಿಯೊಂದಿಗೆ ಕೂಡಿಸುವುದು ನನ್ನ ಕೆಲಸ. ಸಂಜೆ ಸಣ್ಣಕ್ಕಿಯ ಹೂವಿನ ತುದಿ ಕತ್ತರಿಸಿ, ಗಂಡು ಕೇಸರಗಳನ್ನು ಚಿಮಟದಿಂದ ತೆಗೆದು, ತೆನೆಗೆ ಕಾಗದದ ಚೀಲ ತೊಡಿಸುತ್ತಿದ್ದೆ. ಮರುದಿನ ಬಿಸಿಲೇರಿದಾಗ ಕೆಂಪು ಭತ್ತದ ತೆನೆಯನ್ನು ಅದರ ಮೇಲೆ ಕೊಡವುತ್ತಿದ್ದೆ. ಮೊದಲ ಸಲ ಸಿಕ್ಕ ಬೀಜ ಅಂಗೈ ತುಂಬುವಷ್ಟೂ ಇರಲಿಲ್ಲ.

ಆ ಬೀಜದ ಮುಂದಿನ ಪೀಳಿಗೆಗಳನ್ನು ಸಾಲುಸಾಲಾಗಿ ನೆಟ್ಟಿದ್ದಾಗ ದೊಡ್ಡವ್ವ ನೋಡಲು ಬಂದಳು. ಸುತ್ತ ರೋಗ ಬೇಗ ಹತ್ತುವ ತಳಿ ಹಾಕಿ, ಸೋಂಕು ತಗುಲಿದ ಎಲೆಗಳನ್ನು ನಾವೇ ಹರಡಿದ್ದೆವು. ಅವಳ ಮುಖ ಬಿಗಿಯಿತು.

“ನಾವು ಇದಕ್ಕ ಅಂಜಿ ಸಾಯಾಕತ್ತೀವಿ. ನೀವ ತಂದು ಹಚ್ಚಾಕತ್ತೀರೇನು?”

“ಇಲ್ಲಿ ಹಚ್ಚಿದ್ರನ ಯಾವುದು ತಡಕೊಳ್ತದ ಅಂತ ಗೊತ್ತಾಗ್ತದ, ದೊಡ್ಡವ್ವ,” ಅಂದೆ.

ಅವಳಿಗೆ ಸಮಾಧಾನವಾಗಲಿಲ್ಲ, ಚಹಾ ಕೂಡ ಕುಡಿಯದೆ ಬಸ್ಸು ಹತ್ತಿದಳು. ಕೆಲವು ವಾರಗಳ ನಂತರ ನಾನೇ ಹೋಗಿ ಕರೆತಂದೆ. ಒಣಗಿದ ಸಾಲುಗಳ ನಡುವೆ ಒಂದು ಸಾಲು ಹಸಿರಾಗಿ ನಿಂತಿತ್ತು. ದೊಡ್ಡವ್ವ ಬಗ್ಗಿ ಎಲೆಗಳನ್ನು ತಿರುವಿ ತಿರುವಿ ನೋಡಿದಳು. ಸುಗ್ಗಿಯ ನಂತರ ಆ ಸಾಲಿನ ಅಕ್ಕಿಯನ್ನು ಅವಳ ಮನೆಯಲ್ಲೇ ಬೇಯಿಸಿದೆವು. ಅನ್ನ ಎಷ್ಟು ದಪ್ಪವಿತ್ತೆಂದರೆ ಇಬ್ಬರೂ ನಕ್ಕೆವು.

ಹಾಗಾಗಿ ಆ ಸಾಲಿನ ಭತ್ತವನ್ನು ಮತ್ತೆ ಮತ್ತೆ ಸಣ್ಣಕ್ಕಿಯೊಂದಿಗೆ ಕೂಡಿಸಿದೆವು. ಅಷ್ಟರಲ್ಲಿ ಹೊಸ ವಿಧಾನವೂ ಬಂದಿತ್ತು. ಸಸಿಯ ಎಲೆಯ ಚೂರನ್ನು ಪ್ರಯೋಗಾಲಯಕ್ಕೆ ಕಳಿಸಿದರೆ, ರೋಗ ತಡೆಯುವ ಜೀನ್ ಯಾವುದರಲ್ಲಿದೆ ಎಂದು ಹೇಳುತ್ತಿದ್ದರು. ಅಂಥವನ್ನಷ್ಟೇ ಉಳಿಸಿಕೊಳ್ಳುತ್ತಿದ್ದೆವು. ಆದರೂ ಕೊನೆಗೊಮ್ಮೆ ರೋಗಕ್ಕೆ ಒಡ್ಡಿ ನೋಡದೆ ನನಗೆ ನಂಬಿಕೆ ಬರುತ್ತಿರಲಿಲ್ಲ.

ವರ್ಷಗಳ ಮೇಲೆ ಆ ಬೀಜ ದೊಡ್ಡವ್ವನ ಗದ್ದೆಯ ಒಂದು ಮೂಲೆಗೆ ಬಿತ್ತು. ಆ ಚಳಿಗಾಲ ಇಬ್ಬನಿ ಜೋರಾಗಿತ್ತು, ಸುತ್ತಲೂ ರೋಗ ಕಾಣಿಸಿತು. ಅವಳ ಮೂಲೆಯಲ್ಲಿ ಎಲೆಗಳ ಮೇಲೆ ಅಲ್ಲೊಂದು ಇಲ್ಲೊಂದು ಚುಕ್ಕೆ ಬಿದ್ದರೂ ತೆನೆಗಳು ತುಂಬಿ ಬಾಗಿದ್ದವು. ಕೊಯ್ಲಿನ ದಿನ ನಾನು ಹೋದಾಗ ಅವಳು ಕೂಲಿ ಹೆಣ್ಣುಮಕ್ಕಳಿಗೆ ಹೇಳುತ್ತಿದ್ದಳು:

“ಈ ಮೂಲಿ ಭತ್ತ ಬ್ಯಾರೆ ಒಣಗಿಸ್ರಿ. ರಂಗಂಪೇಟಿ ಬೀಗರು ಬೀಜಕ್ಕ ಕೇಳ್ಯಾರ.”