ರಕ್ತದ ವಾಟಣಿ

ವೈನಿ ಅಂಗಳದಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡಾಗ ನಮ್ಮಣ್ಣ ಅವಳನ್ನು, ತನ್ನ ಹೆಂಡತಿಯನ್ನೇ, ದಾಟಿಕೊಂಡು ಒಳಗೆ ಹೋದ. ನಾನು ಕಟ್ಟೆಯ ಮೇಲೆ ಕತ್ತರಿ ಮಸೆಯುತ್ತ ಕೂತಿದ್ದೆ, ಕಣ್ಣಾರೆ ಕಂಡೆ. ದಾರಿಗೆ ಅಡ್ಡ ಬಿದ್ದ ಕಟ್ಟಿಗೆಯನ್ನು ಹೇಗೆ ಕಾಲೆತ್ತಿ ದಾಟುತ್ತೇವೋ ಹಾಗೆ ದಾಟಿದ. ಒಳಗಿನಿಂದಲೇ ಕೂಗಿದ:

“ಚಾ ಆತೇನ?”

ಹೆಂಡತಿಗೆ ಜ್ವರ ಬಂದರೆ ತಾನೇ ರೊಟ್ಟಿ ಬಡಿಯುತ್ತಿದ್ದ ಮನುಷ್ಯ ಅವನು. ಗಂಡಸರು ನಕ್ಕರೆ “ನಿಮಗ ಬಡಿಯಾಕ ಬರಾಂಗಿಲ್ಲ, ಅದಕ್ಕ ನಗ್ತೀರಿ” ಎಂದು ಬಾಯಿ ಮುಚ್ಚಿಸುತ್ತಿದ್ದ.

ನಾನು ಆರನೇ ಇಯತ್ತೆಗೆ ಶಾಲೆ ಬಿಟ್ಟವನು. ಅದಕ್ಕಾಗಿ ಎಂದೂ ತಲೆ ತಗ್ಗಿಸಿಲ್ಲ. ಬಿಟ್ಟ ಮರುದಿನವೇ ಅಣ್ಣ ನನ್ನ ಕೈಗೆ ಕತ್ತರಿ ಕೊಟ್ಟು ದ್ರಾಕ್ಷಿ ತೋಟಕ್ಕೆ ಕರೆದೊಯ್ದ. ಬಳ್ಳಿ ಕತ್ತರಿಸುವ ಕೆಲಸಕ್ಕೆ ನಮ್ಮ ಕಡೆ ಚಾಟಣಿ ಎನ್ನುತ್ತಾರೆ. ಯಾವ ಕಣ್ಣು ಉಳಿಸಬೇಕು, ಯಾವುದನ್ನು ತೆಗೆಯಬೇಕು ಎಂದು ಅವನೇ ಕಲಿಸಿದ. ಅಥಣಿ ಸುತ್ತಿನ ತೋಟದವರು ನಮ್ಮ ಗ್ಯಾಂಗೇ ಬರಲಿ ಎಂದು ಕಾಯುತ್ತಿದ್ದರು. ಆ ದುಡಿಮೆಯ ಮೇಲೆ ನಾವಿಬ್ಬರೂ ಮನೆ ಕಟ್ಟಿದೆವು, ಅಕ್ಕನನ್ನು ರಾಯಬಾಗದ ಕಡೆಗೆ ಕೊಟ್ಟೆವು.

ಅಣ್ಣ ಕೆಟ್ಟದ್ದು ಒಂದೇ ದಿನಕ್ಕಲ್ಲ. ಮೊದಲು ಸಿಹಿಯ ಹುಚ್ಚು ಹತ್ತಿತು. ಮದುವೆ ಮನೆಯಲ್ಲಿ ಪಕ್ಕದವರ ಎಲೆಗೆ ಕೈ ಹಾಕಿ ಬೂಂದಿ ಎತ್ತಿಕೊಂಡ. ಸತ್ತವರ ಮನೆಯಲ್ಲಿ ಹೆಂಗಸರು ಅಳುತ್ತಿದ್ದರೆ ಇವನು ನಕ್ಕ. ಜನ ದಾರೂ ಕಲಿತಿದ್ದಾನೆ ಎಂದರು. ಅವನು ಎಂದೂ ಮುಟ್ಟಿದವನಲ್ಲ. ಹಾಗಂದವನೊಬ್ಬನ ಕೊರಳಪಟ್ಟಿ ಹಿಡಿದೆ ನಾನು. ಆದರೆ ವೈನಿ ಅಂಗಳದಲ್ಲಿ ನರಳುತ್ತ ಬಿದ್ದ ದಿನ ಇನ್ನು ಯಾರ ಕೊರಳಪಟ್ಟಿ ಹಿಡಿಯಲಿ?

ಅಕ್ಕ ಬಂದಳು. ಇಬ್ಬರೂ ಸೇರಿ ಅಣ್ಣನನ್ನು ಮಿರಜಕ್ಕೆ ಕರೆದೊಯ್ದೆವು. ಡಾಕ್ಟರಬಾಯಿ ಮೆದುಳಿನ ಫೋಟೊ ತೆಗೆಸಿದರು, ಅಣ್ಣನನ್ನು ಮಾತಾಡಿಸಿದರು. ಅವನು ಅವರ ಮೇಜಿನ ಮೇಲಿನ ಬಿಸ್ಕಿಟು ಪುಡಿಕೆಯನ್ನು ಕೇಳದೆ ಬಿಚ್ಚಿ ತಿನ್ನುತ್ತ ಕೂತ. ಅವರು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ನನ್ನನ್ನು ಕೇಳಿದರು:

“ನಿಮ್ಮ ಮನಿಯಾಗ ಮೊದಲ ಯಾರಿಗರ ಹಿಂಗ ಆಗಿತ್ತೇನ್ರಿ?”

“ಇಲ್ರಿ. ನಮ್ಮ ಮನಿತನ ಸ್ವಚ್ಛ ಐತ್ರಿ.”

ಹೆಣ್ಣು ನೋಡಲು ಬಂದವರು ಕೇಳಿದರೆ ಕೊಡುವ ಉತ್ತರವನ್ನೇ ಕೊಟ್ಟಿದ್ದೆ. ನಮಗೆ ಆ ಪ್ರಶ್ನೆಗೆ ಬೇರೆ ಉತ್ತರ ಗೊತ್ತೇ ಇಲ್ಲ.

“ಲೇ, ಅಪ್ಪಗ ಏನಾಗಿತ್ತು ಹೇಳಲೇ” ಎಂದಳು ಅಕ್ಕ.

“ಅಪ್ಪಂದ ಬ್ಯಾರೆ, ಅಕ್ಕಾ. ಅಪ್ಪ ಶಾಣ್ಯಾ ಇದ್ದ ಕಡೀತನಾ.”

“ಮಾತ ಹೋಗಿದ್ವಲ್ಲೋ! ಎತ್ತಿಗೆ ಎತ್ತು ಅನ್ನಾಕ ಬರತಿರಲಿಲ್ಲ. ಮತ್ತ ಅತ್ತಿ? ಕೈಕಾಲ ಸೋತು, ನುಂಗಾಕ ಬರದ ಸತ್ಳು.” ಅತ್ತಿ ಎಂದರೆ ನಮ್ಮ ಅಪ್ಪನ ತಂಗಿ.

ಅಪ್ಪನ ಮಾತು ಒಂದೊಂದಾಗಿ ಉದುರಿದ್ದು ನಿಜ. ಕೊನೆಗೆ ಎಲ್ಲದಕ್ಕೂ ‘ಅದು’ ಎನ್ನುತ್ತಿದ್ದ. ‘ಅದು ಕೊಡು’ ಎಂದು ಕೈ ಚಾಚುತ್ತಿದ್ದ. ಕೊಟ್ಟದ್ದು ತಪ್ಪಾದರೂ ನಗುತ್ತ ಇಟ್ಟುಕೊಳ್ಳುತ್ತಿದ್ದ. ಆ ಮೆತ್ತಗಿನ ಮನುಷ್ಯನಿಗೂ, ಈ ನಾಚಿಕೆಗೆಟ್ಟ ಅಣ್ಣನಿಗೂ, ಹಾಸಿಗೆ ಹಿಡಿದ ಅತ್ತೆಗೂ ಏನು ಸಂಬಂಧ ಎಂದು ನನ್ನ ವಾದ.

ಡಾಕ್ಟರಬಾಯಿ ಪೆನ್ನು ಕೆಳಗಿಟ್ಟರು. ಅಣ್ಣನ ರಕ್ತವನ್ನು ದೂರದ ಊರಿಗೆ ಕಳಿಸಿದರು. ವರದಿ ಬಂದಾಗ ನಮ್ಮನ್ನು ಮತ್ತೆ ಕರೆಸಿ, ನನಗೆ ತಿಳಿಯುವವರೆಗೆ ಬಿಡದೆ ಹೇಳಿದರು. ತಲೆಯ ಮುಂದಿನ ಮತ್ತು ಕಿವಿಯ ಪಕ್ಕದ ಮೆದುಳು ಒಣಗುವ ರೋಗ ಇದು. ಬೇರು ರಕ್ತದೊಳಗಿದೆ, ಹುಟ್ಟುವಾಗಲೇ ಬಂದ ಒಂದು ತಪ್ಪು ಬರಹದಲ್ಲಿ. ತಪ್ಪು ಒಂದೇ. ಆದರೆ ಒಬ್ಬರಲ್ಲಿ ಮಾತು ತಿನ್ನುತ್ತದೆ, ಒಬ್ಬರಲ್ಲಿ ನಾಚಿಕೆ ಕರುಣೆ ತಿನ್ನುತ್ತದೆ, ಇನ್ನೊಬ್ಬರಲ್ಲಿ ಕೈಕಾಲಿನ ಬಲ. ಒಬ್ಬರಿಗೆ ಬೇಗ, ಒಬ್ಬರಿಗೆ ತಡವಾಗಿ. ಹೀಗೇಕೆ ಎಂಬುದು ಅವರಿಗೂ ಪೂರ್ತಿ ಗೊತ್ತಿಲ್ಲವಂತೆ. ವಾಸಿ ಮಾಡುವ ಔಷಧವೂ ಇಲ್ಲವಂತೆ.

ಒಂದು ದ್ರಾಕ್ಷಿ ಬಳ್ಳಿಯ ಕಡ್ಡಿ ಹತ್ತು ಕಡೆ ನೆಟ್ಟರೂ ಅದೇ ಹಣ್ಣು ಬಿಡುತ್ತದೆ. ಮನುಷ್ಯರಲ್ಲಿ ಹಾಗಲ್ಲ ಎಂಬುದು ನನಗೆ ಅರಗಲಿಲ್ಲ.

ಆದರೂ ಒಂದು ಸಮಾಧಾನ ಹುಡುಕಿಕೊಂಡೆ. ಅಪ್ಪನ ಹೊಲ ವಾಟಣಿಯಾದಾಗ, ಅಂದರೆ ಪಾಲಾದಾಗ, ಅಣ್ಣನ ಪಾಲಿಗೆ ಬಂದ, ಏನೂ ಬೆಳೆಯದ ಕರಲು ನೆಲ ಮತ್ತೆ ನನ್ನ ಪಾಲಿಗೆ ಬರಲಿಲ್ಲ. ಇದೂ ಹಾಗೇ ಇರಬೇಕಲ್ಲ?

“ಅಣ್ಣ ತನ್ನ ಪಾಲಿಗೆ ತಗೊಂಡಾನಂದ್ರ ನಾವ್ ಇಬ್ಬರೂ ಪಾರಾದ್ವೇನ್ರಿ?” ಎಂದು ಕೇಳಿದೆ.

“ಇದು ವಾಟಣಿ ಅಲ್ರಿ. ಒಂದೊಂದ ಕೂಸಿಗೂ ಹೊಸದಾಗಿ ನಾಣ್ಯ ಚಿಮ್ಮಿದಂಗ. ನಿಮ್ಮದು ಬ್ಯಾರೆ, ಅಕ್ಕಾರದು ಬ್ಯಾರೆ. ಬೇಕಂದ್ರ ಪರೀಕ್ಷಾ ಮಾಡಿಸ್ಕೋರ್ರಿ. ಬ್ಯಾಡಂದ್ರ ಯಾರೂ ಜುಲುಮಿ ಮಾಡಾಂಗಿಲ್ಲ.”

ನನ್ನ ಮಗನಿಗೆ ಅಕ್ಕನ ಮಗಳನ್ನು ತರುವುದೆಂದು ಅವರು ಸಣ್ಣವರಿದ್ದಾಗಲೇ ಮಾತಾಗಿತ್ತು. ಬರೀ ಹಿರಿಯರ ಮಾತಲ್ಲ. ಹುಡುಗರಿಬ್ಬರಿಗೂ ಮನಸ್ಸಿತ್ತು, ದಿನಾ ಫೋನಿನಲ್ಲಿ ಮಾತಾಡುತ್ತಿದ್ದರು. ಆ ದಿನ ಬಸ್ಸಿನಲ್ಲಿ ಅಕ್ಕ ನನ್ನ ಪಕ್ಕದಲ್ಲೇ ಕೂತಿದ್ದಳು. ಅಥಣಿ ಬರುವವರೆಗೆ ಇಬ್ಬರೂ ಆ ಮಾತು ಎತ್ತಲಿಲ್ಲ. ಅಣ್ಣ ಮುಂದಿನ ಸೀಟಿನಲ್ಲಿ ಚಾಕಲೇಟು ಚೀಪುತ್ತಿದ್ದ.

ಅಲ್ಲಿಂದ ಮುಂದೆ ನಾವು ಒಬ್ಬರನ್ನೊಬ್ಬರು ನೋಡುವ ರೀತಿ ಬದಲಾಯಿತು. ಅಕ್ಕ ಫೋನಿನಲ್ಲಿ ಯಾರದಾದರೂ ಹೆಸರಿಗೆ ತಡವರಿಸಿದರೆ ನನಗೆ ಅಪ್ಪನ ‘ಅದು’ ನೆನಪಾಗುತ್ತಿತ್ತು. ನಾನು ಮೊದಲಿನಿಂದಲೂ ಸಿಟ್ಟಿನವನು, ಸಿಟ್ಟೇ ನನ್ನ ಮರ್ಯಾದೆ ಕಾಯ್ದಿದೆ ಎಂದು ನಂಬಿದವನು. ಈಗ ಸಿಟ್ಟು ಬಂದರೆ ಇದು ನನ್ನದೋ, ಅಣ್ಣನಿಗೆ ಬಂದದ್ದೋ ಎಂದು ಅನುಮಾನ. ನನ್ನ ಸಿಟ್ಟೂ ನನ್ನ ಸ್ವಂತದ್ದಾಗಿ ಉಳಿಯಲಿಲ್ಲ.

ಪಂಚಮಿಗೆ ಅಕ್ಕ ಎಂದಿನಂತೆ ತವರಿಗೆ ಬಂದಳು. ಉಂಡಿ ಕಟ್ಟಿದಳು, ಅಣ್ಣನ ಕೈಗೆ ಸಿಗದಂತೆ ಮೇಲೆ ಎತ್ತಿಟ್ಟಳು. ಊಟವಾದ ಮೇಲೆ ನನ್ನ ಎದುರು ಕೂತು ಅಂದಳು:

“ತಮ್ಮಾ, ಹುಡುಗಿನ್ನ ನಿನ್ನ ಮನಿಗಿ ಕೊಡಾಂಗಿಲ್ಲ.”

ನಾನು ಎದ್ದು ನಿಂತು ಒದರಿದೆ. ನನ್ನ ಮಗನಿಗೆ ಏನು ಕಡಿಮೆಯಾಗಿದೆ ಎಂದೆ. ಮನೆಯೆಲ್ಲ ಕೇಳುವ ಹಾಗೆ ಏನೇನೋ ಅಂದೆ. ಅವಳು ತಿರುಗಿ ಬೈಯಲಿಲ್ಲ. ಸುಮ್ಮನೆ ನನ್ನ ಮುಖ ನೋಡುತ್ತಿದ್ದಳು, ಆ ಡಾಕ್ಟರಬಾಯಿ ಅಣ್ಣನನ್ನು ನೋಡಿದ ಹಾಗೆ. ನಾನು ಮತ್ತೆ ಕೂತೆ.

“ಹುಡುಗ ಬಂಗಾರಂಥವ ಅದಾನೊ. ಆದ್ರ ಎರಡೂ ಕಡಿಂದ ಬಂದ್ರ ಹುಟ್ಟೂ ಕೂಸಿನ ಗತಿ ಏನ?”

“ಹಂಗಾರ ಇಬ್ಬರೂ ರಕ್ತಾ ಕೊಡೂಣು.”

“ಬ್ಯಾಡೊ ಮಾರಾಯಾ!” ನನ್ನ ಕೈ ಹಿಡಿದಳು. “ನಿನಗಿಲ್ಲಂತ ಬಂದ್ರ ನನಗೈತಿ ಅಂತ ಅನಸ್ತೈತಿ. ನನಗಿಲ್ಲಂತ ಬಂದ್ರ ನಿನ್ನ ಮುಖಾ ಹೆಂಗ ನೋಡ್ಲಿ? ಗೊತ್ತಿಲ್ದನ ಇರೂಣು, ಜೋಡೀಲೆ ಇರೂಣು. ಆಣಿ ಮಾಡು.”

ವಾಟಣಿಯ ಲೆಕ್ಕವನ್ನು ಅವಳೂ ಬಿಟ್ಟಿರಲಿಲ್ಲ. ಆಣೆ ಮಾಡಿದೆ.

ಮಗ ಅವಳನ್ನು ಬೈಕಿನ ಮೇಲೆ ಸ್ಟ್ಯಾಂಡಿಗೆ ಬಿಟ್ಟು ಬಂದ. ದಾರಿಯಲ್ಲಿ ಅವಳೇ ಅವನಿಗೆ ಎಲ್ಲ ಹೇಳಿದ್ದಳು. ಬೈಕು ನಿಲ್ಲಿಸಿ, ಇಳಿಯದೆ, ಅಂದ:

“ಅಪ್ಪಾ, ನಾ ರಕ್ತಾ ಕೊಡತೀನಿ. ನನಗಿಲ್ಲಂತ ಆದ್ರ ಅತ್ತಿ ಹ್ಞೂಂ ಅಂತಾಳ.”

“ಐತಿ ಅಂತ ಬಂದ್ರ?”

“ಬಂದ್ರ ಆಕಿನ್ನ ಬಿಡತೀನಿ. ಕಾರಣಾ ಗೊತ್ತಿದ್ದರ ಬಿಡಾಕ ಆಕ್ಕೈತಿ. ಹಿಂಗ ಬಿಡು ಅಂದ್ರ ಆಗಾಂಗಿಲ್ಲ.”

ಅವನ ರಕ್ತದಲ್ಲಿ ಇದೆ ಎಂದರೆ ಅದು ನನ್ನಿಂದಲೇ ಹೋದದ್ದು. ನನ್ನಲ್ಲಿ ಇಲ್ಲ ಎಂದರೆ ಅವನಿಗೆ ಪರೀಕ್ಷೆಯೇ ಬೇಡ. ಇಷ್ಟು ತಿಳಿಯಲು ಆರನೇ ಇಯತ್ತೆ ಸಾಕು. ಇಪ್ಪತ್ತು ದಾಟಿದ ಹುಡುಗ ತನ್ನ ಸಾವಿನ ಸುದ್ದಿಯನ್ನು ನನಗಿಂತ ಮೊದಲು ಓದಬೇಕೆ? ನನ್ನ ದುಡಿಮೆಯ ಸೊಕ್ಕೆಲ್ಲ ಅದಕ್ಕೆ ಒಪ್ಪಲಿಲ್ಲ.

“ನೀ ಸುಮ್ಮಕಿರು. ನಾ ಹೋಗಿ ಬರತೀನಿ” ಎಂದೆ.

ಮಿರಜದಲ್ಲಿ ರಕ್ತ ಕೊಡುವ ಮೊದಲು ಡಾಕ್ಟರಬಾಯಿ ಬಹಳ ಹೊತ್ತು ಕೂರಿಸಿಕೊಂಡು ಕೇಳಿದರು, ಇದ್ದರೆ ತಡೆದುಕೊಳ್ಳುತ್ತೀರಾ ಎಂದು. ಹೌದ್ರಿ ಎಂದೆ. ವರದಿ ಇನ್ನೂ ಬಂದಿಲ್ಲ.

ಅಕ್ಕ ದಿನಾ ಸಂಜೆ ಫೋನು ಮಾಡುತ್ತಾಳೆ. ಊಟಕ್ಕೇನು, ಅಣ್ಣ ಎಲ್ಲಿಯಾದರೂ ಓಡಿಹೋದನೇನು, ವೈನಿಯ ಕೈ ಹೇಗಿದೆ. ನಾನು ಹೇಳುತ್ತ ಹೋಗುತ್ತೇನೆ. ನಿನ್ನೆ ನಡುವೆ ನಿಲ್ಲಿಸಿ, “ಏನರ ಮುಚ್ಚಿಟ್ಟೀಯೇನ?” ಎಂದಳು. ಏನಿಲ್ಲ ಎಂದೆ.

ವರದಿ ಬಂದ ದಿನ ರಾಯಬಾಗಕ್ಕೆ ಹೋಗಿ ಎದುರು ಕೂತು ಹೇಳಬೇಕು. ನನ್ನಲ್ಲಿ ಇದೆ ಎಂದು ಬಂದರೆ ಹೇಗೋ ಹೇಳಿಯೇನು. ಇಲ್ಲ ಎಂದು ಬಂದರೆ ಅವಳಿಗೆ ಹೇಗೆ ಹೇಳುವುದು ಎಂಬುದೇ ನನಗೆ ತಿಳಿಯದಾಗಿದೆ.